ತೂತು ಬಿದ್ದ ಸೈಲೆನ್ಸರ್, ಊರು ಬಿಟ್ಟ ಎಮ್ಮಿಗಳು

ದನದ ಕೆಲಸ ಮಾಡಾಂವ ನಗಚಾಟಿಗಿ ಹುಡುಕ್ಕೊಂಡು ಎಲ್ಲೂ ಹೋಗೂದು ಬ್ಯಾಡ. ಅವು ತಾವಾಗೇ ಮನಿ ಹುಡುಕ್ಕೊಂಡು ಬರ್ತಾವು, ಅದೂ ಅಗದಿ ಊಟಕ್ಕ ಕುಂತಾಗ. ಕೇಳಿದವ್ರು ಹೊಟ್ಟಿ ಹಿಡ್ಕೊಂಡು ನಗತಾರ. ನನಗ ಮಾತ್ರ ಮೈಯೆಲ್ಲಾ ಉರೀತೈತಿ.

ನಾ ಪಶು ಆಸ್ಪತ್ರಿ ಇನ್ಸ್‌ಪೆಕ್ಟರ್. ಖರೇ ಡಾಕ್ಟರ್ ಬ್ಯಾರೆ ಅದಾರ, ನಾ ಹಳ್ಳಿ ಹಳ್ಳಿ ತಿರುಗಿ ದನಕ್ಕ ಸೂಜಿ ಮಾಡಾಂವ. ಆದ್ರ ಹಳ್ಳ್ಯಾಗ ಎಲ್ಲಾರೂ ನನಗೇ ಡಾಕ್ಟ್ರು ಅಂತಾರ, ನಾನೂ ಅಲ್ಲ ಅನ್ನಾಕ ಹೋಗಂಗಿಲ್ಲ. ನವಲಗುಂದ, ಅಣ್ಣಿಗೇರಿ ನಡುವಿನ ಕರೀ ಎರಿ ಭೂಮಿ ನನ್ನ ಕಾರಭಾರ. ಇದ್ದ ಊರು ಸಾಲದು ಅಂತ ಈ ವರ್ಷ ಹೊಸದಾಗಿ ಹಳ್ಳದ ದಂಡಿ ಮ್ಯಾಲಿನ ಇನ್ನೊಂದು ಊರು ನನ್ನ ಕೊರಳಿಗೆ ಕಟ್ಟಿದ್ರು. ಹೆಸರು ಹೇಳಂಗಿಲ್ಲ, ಇನ್ನೂ ಅಲ್ಲೇ ನೌಕರಿ ಮಾಡಬೇಕು. ಊರ ತುಂಬ ಎಮ್ಮಿ. ಮನಷ್ಯಾರಿಗಿಂತ ಎಮ್ಮೀನೇ ಹೆಚ್ಚು ಅಂದ್ರೂ ನಡೀತೈತಿ.

ಈ ಸಲ ಹಳ್ಳದ ಆಚಿ ದಂಡಿಗೆ ಕಾಲುಬಾಯಿ ಬ್ಯಾನಿ ಬಂತು. ಬಾಯಾಗ ಹುಣ್ಣು, ಗೊರಸಿನ್ಯಾಗ ಹುಳ, ಎಳೀ ಕರ ಅಂತೂ ಉಳಿಯಂಗಿಲ್ಲ. ಅದು ಹಳ್ಳ ದಾಟಿ ಈ ಕಡೆ ಬರೂದ್ರೊಳಗ ಊರಿನ ಅಷ್ಟೂ ಎಮ್ಮಿಗೆ ಸೂಜಿ ಆಗಬೇಕು, ಇಲ್ಲಂದ್ರ ಓಣಿ ಓಣಿ ಖಾಲಿ ಆಗತಾವು. ಔಷಧ ಬಂದಿತ್ತು, ನಾನೂ ತಯಾರಿದ್ದೆ. ಸರೀ ಅದೇ ವ್ಯಾಳ್ಯಾಕ್ಕ ನನ್ನ ಗಾಡಿ ಸೈಲೆನ್ಸರ್ ತೂತು ಬಿತ್ತು. ಸೈಲೆನ್ಸರಿಗೂ ಎಮ್ಮಿಗೂ ಏನು ಸಂಬಂಧ ಅಂತೀರಿ? ಅದನ್ನೇ ಹೇಳಾಕತ್ತೀನಿ, ಸ್ವಲ್ಪ ತಡೀರಿ.

೧. ಶೇಂಗಾ ಎಣ್ಣಿ ಡಬ್ಬಿ

ಎರಿ ಮಣ್ಣಿನ ಗುಣ ಗೊತ್ತಿದ್ದವ್ರಿಗೆ ಹೇಳೂದು ಬ್ಯಾಡ. ಮಳಿ ಆದ್ರ ಗಾಲಿಗೆ, ಮಡ್‌ಗಾರ್ಡಿಗೆ, ಸೈಲೆನ್ಸರ್ ಹೊಟ್ಟಿಗೆ ಹತ್ತಿಕೊಂಡು ಕುಂತಿತಂದ್ರ ಬಿಡಂಗಿಲ್ಲ. ಮ್ಯಾಲ ಒಣಗಿದ್ರೂ ಒಳಗ ಹಸಿ ಇರ್ತೈತಿ, ಸಾವಕಾಶ ಕಬ್ಬಣ ತಿಂತೈತಿ. ಒಂದಿನ ಕೆನಾಲ್ ರಸ್ತಾದಾಗ ಹೊಂಟಾಗ ಕೆಳಗ ಫಟ್ ಅಂತು. ಅಲ್ಲಿಂದ ಮುಂದ ನನ್ನ ಗಾಡಿ ಟ್ರ್ಯಾಕ್ಟರ್ ಆತು.

ಹೊಸಾ ಗಾಡಿ ತಗೋಬಾರದೇನು ಅಂತ ಎಲ್ಲಾರೂ ಕೇಳ್ತಾರ. ಇದು ನಮ್ಮ ಮಾವನವ್ರು ರಿಟೈರ್ ಆದಾಗ ತಮ್ಮ ಕೈಯಾರೆ ಕೊಟ್ಟ ಗಾಡಿ. ಈಗೂ ನಮ್ಮ ಮನಿಗೆ ಬಂದ್ರ ಮೊದಲ ಗಾಡಿ ಪೆಟ್ರೋಲ್ ಟಾಕಿ ಸವರತಾರ, ಆಮ್ಯಾಲ ಮಗಳನ್ನ ಮಾತಾಡಸ್ತಾರ. ಮಾರೂ ಮಾತು ತಗದ್ರ ನನ್ನ ಹೆಂಡ್ತಿ, "ಮಾರೂದಿದ್ರ ನನ್ನೂ ಅದರ ಮ್ಯಾಲ ಕುಂದ್ರಿಸಿ ಕಳಿಸಿಬಿಡ್ರಿ" ಅಂತಾಳ. ಹಿಂಗಾಗಿ ನನಗ ರಿಪೇರಿನೇ ಗತಿ.

ನವಲಗುಂದದಾಗ ನಮ್ಮ ಖಾಯಂ ಮೇಸ್ತ್ರಿ ಒಬ್ಬಾಂವ ಅದಾನ. ಬಗ್ಗಿ ನೋಡಿ ಲೊಚಗುಟ್ಟಿ, ಹೊಸಾದು ಸಿಗೂತನಕ ಒಂದು ಪಟ್ಟಿ ಸುತ್ತಿ ಕೊಡ್ತೀನಿ ಅಂದ. ಬಾಜು ಭಜಿ ಅಂಗಡ್ಯಾಗಿಂದ ಶೇಂಗಾ ಎಣ್ಣಿದು ಖಾಲಿ ಡಬ್ಬಿ ಇಸ್ಕೊಂಡು ಬಂದು, ಕತ್ತರಿಸಿ, ತೂತಿನ ಮ್ಯಾಲ ಸುತ್ತಿ ತಂತಿ ಬಿಗದ. ಸಪ್ಪಳ ಕಡಿಮಿ ಆತು. ನಾ ಖುಷಿಲೆ ಹೊಂಟೆ.

ಊರು ದಾಟೂದೇ ತಡ, ಸೈಲೆನ್ಸರ್ ಕಾದು ಡಬ್ಬಿಗೆ ಹತ್ತಿದ್ದ ಎಣ್ಣಿ ಸುಡಾಕ ಹತ್ತಿತು. ವಾಸನಿ ಅಂದ್ರ ಅಗದಿ ಬಿಸಿ ಮಿರ್ಚಿ ಭಜಿದು. ಎರಡು ನಾಯಿ ಬೆನ್ನು ಹತ್ತಿದ್ವು. ಹೊಲದಾಗ ಕಳೇವು ತಗಿಯಾಕತ್ತಿದ್ದ ಹೆಣ್ಮಕ್ಕಳು ನಡಾ ನೆಟ್ಟಗ ಮಾಡಿ ನಿಂತು ನೋಡಿದ್ರು. ನಾ ಹೊಂಟಿದ್ದು ಎಲ್ಲಿಗೆ? ಹೋರಿ ಸತ್ತ ಮನಿಗೆ. ಮನಿಮಂದಿ ಎಲ್ಲಾ ಮಾರಿ ಸಪ್ಪಗ ಮಾಡ್ಕೊಂಡು ಕುಂತಿದ್ರು. ನಾನೂ ಹಂಗೇ ಮಾರಿ ಮಾಡ್ಕೊಂಡು ಗಾಡಿ ಇಳದೆ. ಯಜಮಾನ ಒಮ್ಮೆ ಮೂಗು ಏರಿಸಿದ, ನನ್ನ ಕೈಯಾಗಿನ ಚೀಲಾ ನೋಡಿದ. ಕಣ್ಣು ಒರಿಸ್ಕೊಂಡು, "ಇಂಥಾ ದುಃಖದಾಗ ಇದೆಲ್ಲಾ ಯಾಕ ತರಾಕ ಹೋದ್ರಿ ಡಾಕ್ಟ್ರ" ಅಂದ. ಅಂದು ಚೀಲಾ ಇಸ್ಕೊಂಡು ಒಳಗ ಕೊಟ್ಟ. ಅದರಾಗ ಇದ್ದದ್ದು ದನದ ಜಂತಿನ ಔಷಧ.

೨. ಹಿರ್ಯಾರಿಗೆ ಫೋನ್

ಡಬ್ಬಿ ಪಟ್ಟಿ ಒಂದು ವಾರಾನೂ ಬಾಳಲಿಲ್ಲ. ಬೀಳೂವಾಗ ಸುಮ್ನ ಬೀಳಲಿಲ್ಲ, ಇದ್ದ ತೂತನ್ನ ದೊಡ್ಡದು ಮಾಡಿ ಬಿತ್ತು. ಸಪ್ಪಳಕ್ಕ ನನ್ನ ಹಲ್ಲು ಅಲ್ಲಾಡಾಕ ಹತ್ತಿದ್ವು.

ಅವತ್ತು ಪೋಲೀಸ್ರು ರಸ್ತಾದಾಗ ನಿಂತು ಸಪ್ಪಳ ಮಾಡೂ ಗಾಡಿ ಹಿಡ್ಯಾಕತ್ತಿದ್ರು. ಕಾಲೇಜಿನ ಹುಡುಗ್ರು ಛಲೋ ಸೈಲೆನ್ಸರ್ ತಗದು ಒದರೂ ಸೈಲೆನ್ಸರ್ ಹಾಕಿಸ್ಕೊಂಡು ತಿರಗತಾರಲ್ಲ, ಅವ್ರನ್ನ. ಒಳ್ಳೇ ಕೆಲಸ, ಹಿಡೀಲಿ ಅಂದ್ಕೋತ ಹೊಂಟಿದ್ದೆ. ಸೀಟಿ ಊದಿ ನನ್ನೂ ಹಿಡದು ಅದೇ ಸಾಲಿನ್ಯಾಗ ನಿಲ್ಲಿಸಿದ್ರು. ಆಚಿ-ಈಚಿ ಮೀಸಿ ಚಿಗತ ಹುಡುಗ್ರು, ನಡುವ ತಲಿ ಬೆಳ್ಳಗಾದ ನಾ. ತುಕ್ಕು ಹಿಡದೈತ್ರಿ, ಹಾಕಿಸಿದ್ದಲ್ಲ ಅಂತ ಎಷ್ಟು ಹೇಳಿದ್ರೂ ಹವಾಲ್ದಾರ್ ಕೇಳಲಿಲ್ಲ. ಎಲ್ಲಾರೂ ಒಂದೊಂದು ಕತಿ ಹೇಳ್ತಾರ ಅಂದ.

ಬಾಜು ನಿಂತ ಹುಡುಗ ಮೆಲ್ಲಕ ನನ್ನ ಕಡೆ ಬಗ್ಗಿ, "ಕಾಕಾ, ನಿಮ್ಮ ಗಾಡಿ ದನಿ ನಮ್ಮೆಲ್ಲಾರ್ಕಿಂತ ಮಸ್ತ್ ಐತ್ರಿ, ಎಲ್ಲಿ ಮಾಡಿಸಿದ್ರಿ?" ಅಂದ. ಸಿಟ್ಟು ನೆತ್ತಿಗೇರಿತು. ಮಾರಿ ಆಚಿ ಕಡೆ ತಿರುವಿದೆ. ಹೇಳಾಕ ಮನಸ್ಸಿಲ್ಲ ಅಂದ್ಕೊಂಡ ಕಾಣ್ತೈತಿ, ಮಾರಿ ಸಣ್ಣದು ಮಾಡ್ಕೊಂಡ.

ಹವಾಲ್ದಾರ್ ನಮ್ಮ ಮುಂದ ಅಡ್ಡಾಡಿಕೋತ ಬುದ್ಧಿ ಹೇಳಿದ. ತಂದಿ-ತಾಯಿ ಹೊಟ್ಟಿ ಬಟ್ಟಿ ಕಟ್ಟಿ ಗಾಡಿ ಕೊಡಿಸಿರ್ತಾರ, ನಾವು ಓದೂದು ಬಿಟ್ಟು ಹುಡಿಗ್ಯಾರ ಮುಂದ ಗಾಡಿ ಒದರಿಸಿಕೋತ ತಿರಗತೀವಂತ. ನಾ ತಲಿ ಕೆಳಗ ಹಾಕಿದೆ. ಆಮ್ಯಾಲ ಎಲ್ಲಾರೂ ತಮ್ಮ ತಮ್ಮ ತಂದಿಗೆ ಫೋನ್ ಹಚ್ಚಿ ಕೊಡಬೇಕು ಅಂತ ಹುಕುಂ ಆತು. ನಮ್ಮ ತಂದಿ ತೀರಿಕೊಂಡಾರ್ರಿ ಅಂದೆ. ಹಂಗಾದ್ರ ಮನ್ಯಾಗ ಹಿರ್ಯಾರು ಯಾರದಾರ ಅವ್ರಿಗೇ ಹಚ್ಚು ಅಂದ. ಮಾವನವ್ರಿಗೆ ಹಚ್ಚಿದೆ.

ನಿಮ್ಮ ಹುಡುಗ ಗಾಡಿ ಸಪ್ಪಳ ಮಾಡ್ಕೊಂಡು ಸಿಕ್ಕಾನ ಅಂತ ಹವಾಲ್ದಾರ್ ಹೇಳಿದ. ನಮ್ಮ ಮಾವ ಎಷ್ಟರ ಮನಷ್ಯಾ ಅಂತೀರಿ, ಯಾರು ಏನು ಅಂತ ಒಂದು ಮಾತು ಕೇಳಲಿಲ್ಲ. "ಗಾಡಿ ಕೊಟ್ಟ ದಿನದಿಂದ ಹೇಳಾಕತ್ತೀನ್ರಿ ಸಾಹೇಬ್ರ, ನನ್ನ ಮಾತು ಕೇಳಂಗಿಲ್ಲ. ಎರಡು ಬಿಗೀರಿ, ನಂದೇನೂ ತಕರಾರಿಲ್ಲ" ಅಂದ್ರು.

೩. ಖಾಲಿ ಗೂಟ

ಪೋಲೀಸ್ರ ಕೈಯಾಗಿಂದ ಪಾರಾದ ಮರುದಿನ ಐಸ್ ಡಬ್ಬ್ಯಾಗ ಔಷಧ ಇಟ್ಕೊಂಡು ಹಳ್ಳದ ದಂಡಿ ಊರಿಗೆ ಹೋದೆ. ಊರಾಗ ಹೊಕ್ಕರ ಒಂದೂ ಎಮ್ಮಿ ಇಲ್ಲ. ಗೂಟ ಅದಾವು, ಹಗ್ಗ ಅದಾವು, ಸಗಣಿ ಇನ್ನೂ ಬಿಸಿ ಐತಿ, ಗ್ವಾದ್ಲ್ಯಾಗ ಅರ್ಧಾ ತಿಂದ ಮೇವು ಐತಿ. ಎಮ್ಮೀನೂ ಇಲ್ಲ, ಗಂಡಸರೂ ಇಲ್ಲ. ಮೂಲಿ ಮನಿ ಕಟ್ಟಿ ಮ್ಯಾಲ ಒಬ್ಬಾಕಿ ಮುದುಕಿ ಮಾತ್ರ ಶೇಂಗಾ ಸುಲಕೋತ ಕುಂತಿದ್ಲು. ಊರೆಲ್ಲಾ ಆಕಿಗೆ ಆಯಿ ಅಂತಾರ. ಎಮ್ಮಿ ಎಲ್ಲಿ ಹೋದ್ವು ಆಯಿ ಅಂದ್ರ, ಮೇಯಾಕ ಹೋಗ್ಯಾವು ಅಂದ್ಲು. ಅರ್ಧಾ ಮೇವು ಇಲ್ಲೇ ಬಿಟ್ಟು ಮತ್ತ ಮೇಯಾಕೇನು ಅಂದ್ರ, ಅವಕ್ಕ ರುಚಿ ಹತ್ತಿಲ್ಲ ಕಾಣ್ತೈತಿ ಅಂದ್ಲು.

ಮುಂಜಾನೆ ಹೋದೆ, ಹಂಗೇ. ಸಂಜಿಕ್ಕ ಹೋದೆ, ಹಂಗೇ. ಕಡೀಕ ಆಯಿ ಬಾಜು ಕುಂತು, ಖರೇ ಹೇಳು ಅಂತ ಗಂಟು ಬಿದ್ದೆ. ಆಕಿ ಒಂದಿಷ್ಟೂ ನಾಚಿಕಿ ಇಲ್ಲದ ಹೇಳಿದ್ಲು. ಈ ಸೂಜಿ ಮಾಡಿಸಿದ್ರ ಎಮ್ಮಿ ಹಾಲು ಇಳಸ್ತಾವು, ಡೇರಿಗೆ ಹಾಲು ಹಾಕೂ ಮಂದಿಗೆ ಅದು ಆಗಿಬರಂಗಿಲ್ಲ. ಅದಕ್ಕ ನಾ ಬರೂದು ಗೊತ್ತಾದ ಕೂಡ್ಲೆ ಗಂಡಸರೆಲ್ಲಾ ಎಮ್ಮಿ ಬಿಚ್ಕೊಂಡು ಹಳ್ಳದ ಜಾಲಿ ಕಂಟ್ಯಾಗ ಹೋಗಿ ನಿಂದರ್ತಾರ. ನಾ ಬರೂದು ಹೆಂಗ ಗೊತ್ತಾಗತೈತಿ? ನನ್ನ ಗಾಡಿ ಕೆನಾಲ್ ಏರಿ ಹತ್ತಿದ್ರ ಊರಿಗೆಲ್ಲಾ ಕೇಳ್ತೈತಿ.

"ನಿನ್ನ ಗಾಡಿ ಭಾಳ ಛಲೋ ಐತಿ ನೋಡೋ ಯಪ್ಪಾ" ಅಂದ್ಲು ಆಯಿ. "ಹಿಂದಿನ ಡಾಕ್ಟ್ರ ಗಾಡಿ ಸಪ್ಪಳನೇ ಇದ್ದಿಲ್ಲ. ಒಮ್ಮೆಲೆ ಬಂದು ನಿಂದರ್ತಿದ್ದ. ಭಾಳ ತ್ರಾಸ ಆಗತಿತ್ತು."

ನನಗ ತಲಿ ಕೆಟ್ಟು ಹೋತು. ಹಾಲು ಇಳ್ಯಂಗಿಲ್ಲ, ಇಳದ್ರೂ ಎರಡು ದಿನದ ಮಾತು, ಬ್ಯಾನಿ ಬಂದ್ರ ಎಮ್ಮೀನೇ ಹೋಗತೈತಿ, ಆಚಿ ದಂಡ್ಯಾಗ ಕರ ಸಾಯಾಕತ್ತಾವು ಅಂತ ಬಾಯಿ ಹರಕೊಂಡೆ. ಆಕಿ ಒಂದು ಮುಟಗಿ ಶೇಂಗಾ ನನ್ನ ಕೈಯಾಗ ಹಾಕಿ, ತಿನ್ನು, ಸಿಟ್ಟು ಇಳೀತೈತಿ ಅಂದ್ಲು.

ಮರುದಿನ ನಾನೂ ಒಂದು ಉಪಾಯ ಮಾಡಿದೆ. ಕೆನಾಲ್ ಏರಿ ಆಚೇನೇ ಗಾಡಿ ಬಂದ್ ಮಾಡಿ, ನೂಕ್ಕೊಂಡು ಊರ ಕಡೆ ಹೊಂಟೆ. ಹಿಂದಿನ ದಿನ ಮಳಿ ಆಗಿತ್ತು. ಎರಿ ಮಣ್ಣಿನ್ಯಾಗ ಗಾಡಿ ನೂಕೂದಂದ್ರ ಸತ್ತ ಕ್ವಾಣ ಎಳದಂಗ. ಎದಿ ಬಡಕೋತ, ಬೆವರು ಸುರಿಸಿಕೋತ ಅಂತೂ ಊರ ಅಗಸಿ ಬಾಗಲ ಮುಟ್ಟಿದೆ. ಕಣ್ಣು ಹಾಯಿಸಿದ್ರ ಎಲ್ಲಾ ಎಮ್ಮಿ ಗೂಟದಾಗ ಅದಾವು. ಜೀವ ತಣ್ಣಗಾತು.

ಅಷ್ಟ್ರಾಗ ನಾಕು ಮಂದಿ ಮುದುಕ್ರು ನನ್ನ ನೋಡಿದ್ರು. ಪಾಪ, ಯಾವೂರ ಮನಷ್ಯಾನೋ, ಗಾಡಿ ಕೆಟ್ಟೈತಿ ಅಂತ ಮರುಗಿ ಓಡಿ ಬಂದ್ರು. ಬ್ಯಾಡ್ರಿ, ಕೆಟ್ಟಿಲ್ರಿ ಅಂದೆ. ನಾಚಬ್ಯಾಡ್ರಿ ಅಂದ್ರು. ನನ್ನ ಬಲವಂತಲೆ ಗಾಡಿ ಮ್ಯಾಲ ಕುಂದ್ರಿಸಿ ಹಿಂದಿಂದ ಎಲ್ಲಾರೂ ಕೂಡಿ ನೂಕಿದ್ರು. ಗಾಡಿ ಎಂದಿಲ್ಲದ್ದು ಒಂದೇ ನೂಕಿಗೆ ಚಾಲೂ ಆಗಿ ಢಬಾ ಢಬಾ ಅಂತು. ನಾ ತಿರುಗಿ ನೋಡೂದ್ರಾಗ ಗೂಟ ಖಾಲಿ.

೪. ಅಮಾಸಿ ಕಾನೂನು

ಇನ್ನ ಹೊಸಾ ಸೈಲೆನ್ಸರ್ ಇಲ್ಲದ ಬ್ಯಾನಿ ತಡ್ಯಾಕ ಆಗ್ದು ಅಂತ ಹುಬ್ಬಳ್ಳಿಗೆ ಹೋದೆ. ಹಳೇ ಗಾಡಿ, ಅದರ ಸಾಮಾನು ಬರೂದು ಬಂದಾಗಿ ಎಷ್ಟೋ ವರ್ಷ ಆಗೇತಿ. ಅಂಗಡಿ ಅಂಗಡಿ ತಿರುಗಿ, ಧೂಳು ಹಿಡದ ಒಂದು ಸೈಲೆನ್ಸರ್ ಹುಡುಕಿ, ಬಸ್ಸಿನ್ಯಾಗ ತೊಡಿ ಮ್ಯಾಲ ಕೂಸಿನಂಗ ಮಲಗಿಸ್ಕೊಂಡು ತಂದು ಮೇಸ್ತ್ರಿ ಕೈಯಾಗ ಕೊಟ್ಟೆ. ಹಳೇದು ಬಿಚ್ಚಿ ಹೊಸಾದು ಹಚ್ಚೂದು ಒಂದು ತಾಸಿನ ಕೆಲಸ.

ಮೊದಲ ದಿನ ನಟ್ಟು ತುಕ್ಕು ಹಿಡದು ಕಲ್ಲಾಗ್ಯಾವು, ಸೀಮೆಎಣ್ಣಿ ಬಿಟ್ಟೀನಿ, ನೆನೀಲಿ ಅಂದ. ಮರುದಿನ ಇನ್ನೂ ನೆನದಿಲ್ಲ ಅಂದ. ಆಮ್ಯಾಲ ಕರೆಂಟ್ ಇಲ್ಲ ಅಂದ. ಪಾನಾ ತಿರುವಾಕ ಕರೆಂಟ್ ಯಾಕ ಬೇಕು ಅಂತ ಕೇಳಿದ್ರ, ಫ್ಯಾನ್ ಇಲ್ಲದ ಕೈ ಬೆವರಿ ಪಾನಾ ಜಾರತೈತ್ರಿ ಅಂದ. ಅಮಾಸಿ ಬಂತು. ಅಮಾಸಿ ದಿನ ಎಂಜಿನ್‌ಗೆ ಕೈ ಹಚ್ಚಂಗಿಲ್ರಿ ಅಂದ. ಸೈಲೆನ್ಸರ್ ಎಂಜಿನ್ ಅಲ್ಲಲೇ ಮಾರಾಯಾ ಅಂದೆ. ಎಂಜಿನ್‌ಗೇ ಕೂಡಿರ್ತೈತಲ್ರಿ ಅಂದ. ನನ್ನ ಕಣ್ಣಾಗ ನೀರು ಬರೂದೊಂದು ಬಾಕಿ. ಆಚಿ ದಂಡ್ಯಾಗಿನ ಬ್ಯಾನಿ ದಿನಾ ಒಂದೊಂದು ಹೊಲ ಈ ಕಡೆ ಸರಿಯಾಕತ್ತೈತಿ, ಇಂವ ಇಲ್ಲಿ ನಟ್ಟು ನೆನಸಿಕೋತ ಕುಂತಾನ.

ಒಂದಿನ ನಾ ಹೋಗಿ ಸ್ಟೂಲ್ ಮ್ಯಾಲ ಕುಂತೇಬಿಟ್ಟೆ. ಹಚ್ಚೂತನಕ ಏಳಂಗಿಲ್ಲ ಅಂದೆ. ಮೇಸ್ತ್ರಿ ಗತಿಯಿಲ್ಲದ ಗಾಡಿ ಬಾಜು ಅಂಗಾತ ಬಿದ್ದ. ಅಷ್ಟ್ರಾಗ ಅವ್ನ ಫೋನ್ ಬಡ್ಕೊಂತು. ಕೈಯೆಲ್ಲಾ ಗ್ರೀಸ್ ಐತ್ರಿ ಡಾಕ್ಟ್ರ, ಮನಿಯಾಕಿ ಇರಬೇಕು, ಸ್ವಲ್ಪ ಒತ್ತಿ ಸ್ಪೀಕರ್‌ಗೆ ಹಾಕ್ರಿ ಅಂದ. ಹಾಕಿದೆ.

"ಅಳ್ಯಾರ, ಆ ಸೂಜಿ ಡಾಕ್ಟ್ರ ಗಾಡಿ ಇನ್ನೂ ಬಿಚ್ಚಿಲ್ಲ ಹೌದಲ್ಲ?" ಅಂತು ಫೋನು.

ಆ ದನಿ ನನಗ ಗೊತ್ತಿತ್ತು. ಶೇಂಗಾ ಸುಲಿಯೂ ಆಯಿ. ನಮ್ಮ ಮೇಸ್ತ್ರಿ ಆ ಊರಿನ ಅಳಿಯ ಅಂತ ನನಗ ಒಬ್ರೂ ಹೇಳಿದ್ದಿಲ್ಲ. ಮೇಸ್ತ್ರಿ ಕೆಳಗ ಬಿದ್ದಲ್ಲೇ ಕಣ್ಣು ಮುಚ್ಕೊಂಡ. ಆಯಿ ನಿಲ್ಲಿಸಲಿಲ್ಲ. "ಬಿಚ್ಚಬ್ಯಾಡ್ರಿ ಮತ್ತ. ಎಮ್ಮಿ ಇನ್ನ ನಾಕು ದಿನದಾಗ ಈಯತೈತಿ. ನಿಮಗಂತ ಒಂದು ಗಡಿಗಿ ಗಿಣ್ಣ ತಗದು ಇಡ್ತೀನಿ."

ನಾ ಎದ್ದು ನಿಂತೆ. ಫೋನ್ ಕಟ್ ಮಾಡಿ ಸ್ಟೂಲ್ ಮ್ಯಾಲ ಇಟ್ಟೆ. ಮೇಸ್ತ್ರಿ ಮಲಗಿದಲ್ಲಿಂದನೇ, "ನಿಮಗೂ ಅರ್ಧಾ ಗಡಿಗಿ ಕೊಡಸ್ತೀನ್ರಿ" ಅಂದ.

೫. ಮರ್ಯಾದಿ ಇದ್ದ ಕಾಲ

ಗಾಡಿ ಅಣ್ಣಿಗೇರಿಗೆ ಒಯ್ದೆ. ಅಲ್ಲಿ ಒಬ್ಬ ಹಳೇ ಚಾಚಾನ ಗ್ಯಾರೇಜ್ ಐತಿ. ಮೊದಲ ಮಾತಿಗೇ, ಚಾಚಾ, ನಿಮ್ಮ ಬೀಗರು ನೆಂಟರು ಯಾರರೆ ಹಳ್ಳದ ದಂಡ್ಯಾಗ ಅದಾರೇನು ಅಂತ ಕೇಳಿದೆ. ಯಾರೂ ಇಲ್ಲ ಸಾಬ್, ಎಲ್ಲಾರೂ ಕುಂದಗೋಳ ಕಡೇದವ್ರು ಅಂದ. ಎಮ್ಮಿ ಅದಾವೇನು ಅಂದೆ. ಆಡು ಅದಾವು ಅಂದ. ಹಂಗಾದ್ರ ಬಿಚ್ಚು ಅಂದೆ. ಅಂವ ನನ್ನ ಮಾರಿ ಒಂಥರಾ ನೋಡಿದ, ಆದ್ರ ಬಿಚ್ಚಿದ. ಬೆಂಕಿ ಹಿಡದು ನಟ್ಟು ಕೆಂಪಗ ಮಾಡಿ, ಒಂದು ಬೋಲ್ಟ್ ಮುರದು, ಅದಕ್ಕ ಕನ್ನಡದಾಗ ಒಂದಿಷ್ಟು ಉರ್ದುದಾಗ ಒಂದಿಷ್ಟು ಬೈದು, ಹೊಸಾದು ಹಚ್ಚಿ ಕೊಟ್ಟ.

ಗಾಡಿ ಚಾಲೂ ಮಾಡಿದ್ರ ಸಪ್ಪಳನೇ ಇಲ್ಲ. ಬೆಕ್ಕು ಹಾಲು ಕುಡದಂಗ. ಚಾಲೂ ಆಗಿಲ್ಲಂತ ತಿಳದು ನಾ ಮತ್ತ ಮತ್ತ ಕಿಕ್ ಹೊಡದೆ.

ಮನಿಗೆ ಬಂದೆ. ಮೊದಲೆಲ್ಲಾ ನಾ ನೀರಿನ ಟಾಕಿ ದಾಟಿದ್ರ ಸಪ್ಪಳ ಕೇಳಿ ಹೆಂಡ್ತಿ ಚಹಾಕ್ಕ ಇಡ್ತಿದ್ಲು. ಅವತ್ತು ಬಾಗ್ಲದಾಗ ಚಪ್ಪಲ್ ಬಿಡೂತನಕ ಆಕಿಗೆ ಗೊತ್ತೇ ಆಗಿಲ್ಲ. ಒಳಗ ಅವ್ರಪ್ಪನ ಜೋಡಿ ಫೋನಿನ್ಯಾಗ ಮಾತು ನಡದಿತ್ತು. "ನಾನೂ ಅದನ್ನೇ ಅಂತೀನಪ್ಪಾ, ಗಾಡಿ ತಪ್ಪೇನೂ ಇಲ್ಲ. ಹೊಡ್ಯಾಂವಗ ದನದ ಬುದ್ಧಿ" ಅನ್ನಾಕತ್ತಿದ್ಲು. ತಿರುಗಿ ನನ್ನ ನೋಡಿದ್ಲು. ಗಾಬರಿ ಆಗಬೇಕಿಲ್ಲೇನು? ಇಲ್ಲ. ಉಲ್ಟಾ ನನಗೇ ಜೋರು ಮಾಡಿದ್ಲು. "ಮೊದಲ ಸಪ್ಪಳ ಮಾಡ್ಕೊಂಡು ಬರ್ತಿದ್ರಿ, ಒಂದು ಮರ್ಯಾದಿ ಇತ್ತು. ಈಗ ಕಳ್ಳರಂಗ ಬರಾಕ ಹತ್ತೀರಿ."

೬. ಪುರಾವಿ

ಮರುದಿನ ಹೊತ್ತು ಏರೂದ್ರಾಗ, ಹಾಲು ಹಿಂಡೂ ಹೊತ್ತಿಗೆ ಸರಿಯಾಗಿ ಹಳ್ಳದ ದಂಡಿ ಊರು ಮುಟ್ಟಿದೆ. ತಂಡಿಗೆ ತಲಿಗೆ ಟವೆಲ್ ಸುತ್ತಿದ್ದೆ, ಧೂಳಿಗೆ ಮೂಗಿಗೆ ಕರ್ಚೀಫ್ ಕಟ್ಟಿದ್ದೆ. ಕೆನಾಲ್ ಏರಿ ಇಳದೆ, ಅಗಸಿ ದಾಟಿದೆ, ಒಂದು ಕೋಳಿನೂ ತಲಿ ಎತ್ತಲಿಲ್ಲ. ಎಲ್ಲಾ ಎಮ್ಮಿ ಗೂಟದಾಗ. ಇಷ್ಟು ದಿನದ ಸಿಟ್ಟೆಲ್ಲಾ ಕರಗಿ ಹೋತು. ಮೊದಲನೇ ಮನಿ ದನ ಕಟ್ಟೂ ದಂದಕ್ಕ್ಯಾಗ ಹೊಕ್ಕು, ಎಮ್ಮಿ ಹಗ್ಗ ಕೈಯಾಗ ಹಿಡದು ಅದರ ಮಾರಿ ಸವರಾಕತ್ತಿದ್ದೆ. ಆ ಮನಿ ಹೆಣ್ಮಗಳು ಹಾಲಿನ ಚರಿಗಿ ಹಿಡ್ಕೊಂಡು ಬಂದ್ಲು. ನನ್ನ ನೋಡಿದ್ಲು. ಚರಿಗಿ ಒಗದು, ಎಮ್ಮಿ ಕಳ್ಳ ಬಂದಾನ್ರೋ ಅಂತ ಚೀರಿದ್ಲು.

ಆ ವಾರ ಬಾಜು ಊರಾಗ ಎಮ್ಮಿ ಕಳುವಾದ ಸುದ್ದಿ ಹಬ್ಬಿತ್ತಂತ. ನನಗೇನು ಗೊತ್ತು? ಕಣ್ಣು ಮುಚ್ಚಿ ತಗಿಯೂದ್ರಾಗ ಊರ ಗಂಡಸರೆಲ್ಲಾ ಕೂಡಿದ್ರು. ನನ್ನ ಎಡಗೈ ಎಮ್ಮಿ ಬಾಜು ಗೂಟಕ್ಕ ಕಟ್ಟಿದ್ರು, ಅದೇ ಹಗ್ಗಲೆ.

ನಾ ಡಾಕ್ಟರ್ ಅಂದೆ. ಎಲ್ಲಾರೂ ನಕ್ಕರು. ಒಬ್ಬ ದಪ್ಪ ಮೀಸಿ ಹಿರ್ಯಾ ಮುಂದ ಬಂದ. "ನಮ್ಮ ಡಾಕ್ಟ್ರ ಬಂದ್ರ ಹಳ್ಳದ ಆಚೀಗೂ ಕೇಳ್ತೈತಿ. ನಮಗ ಹೇಳ್ತಿಯೇನಲೇ" ಅಂದ.

ಮಾರಿ ನೋಡ್ರಿ ಅಂತ ಕರ್ಚೀಫ್ ಬಿಚ್ಚಿದೆ. ನೋಡಿದ್ರು, ಒಬ್ರಿಗೂ ಗುರುತು ಹತ್ತಲಿಲ್ಲ. ಆವಾಗ ತಿಳೀತು ನನಗ. ಇಷ್ಟು ದಿನ ನಾ ಬಂದಾಗೊಮ್ಮೆ ಈ ಗಂಡಸರೆಲ್ಲಾ ಎಮ್ಮಿ ಹೊಡ್ಕೊಂಡು ಜಾಲಿ ಕಂಟ್ಯಾಗ ಕುಂತಾರ. ನನ್ನ ಮಾರಿ ನೋಡಿದಾಂವ ಅವ್ರಾಗ ಒಬ್ಬಾಂವ ಇಲ್ಲ. ಅವತ್ತು ಗಾಡಿ ನೂಕಿದ ಮುದುಕ್ರು ಮಾತ್ರ ನೋಡಿದ್ರು, ಅವ್ರು ಹೊಲಕ್ಕ ಹೋಗಿದ್ರು. ಆಫೀಸಿನ ಕಾರ್ಡ್ ತೋರಿಸಿದೆ, ಅಂಥಾವು ಪ್ಯಾಟ್ಯಾಗ ಮಾಡಿ ಕೊಡ್ತಾರ ಅಂದ್ರು. ಐಸ್ ಡಬ್ಬಿ ತೋರಿಸಿದೆ, ಐಸ್ ಮಾರಾಂವನ ವೇಷದಾಗ ಬಂದಾನ ಅಂದ್ರು. ಆಫೀಸಿಗೆ ಫೋನ್ ಹಚ್ಚಿದೆ, ಇಷ್ಟು ಲಗೂನ ಅಲ್ಲಿ ಯಾರಿರ್ತಾರ? ಗಾಡಿ ಆದ್ರೂ ನೋಡ್ರಿ, ಡಾಕ್ಟ್ರದೇ ಐತಿ ಅಂದೆ. ಒಬ್ಬಾಂವ ಹೋಗಿ ಕಿಕ್ ಹೊಡದ. ಎಲ್ಲಾರೂ ಕಿವಿಗೊಟ್ಟು ನಿಂತ್ರು. ಗಾಡಿ ಅಗದಿ ಮೆತ್ತಗ ಗುರ್ ಅಂತು. "ನೋಡಿದ್ರಿ? ಕಳವಿಗೆ ಅಂತೇ ಮಾಡಿಸಿದ ಗಾಡಿ" ಅಂದ ಮೀಸಿ ಹಿರ್ಯಾ.

ಆಯಿನ್ನ ಕರಸ್ರಿ, ಆಕಿಗೆ ನಾ ಗೊತ್ತು ಅಂತ ಅಂಗಲಾಚಿದೆ. ಕರಕೊಂಡು ಬಂದ್ರು. ಆಯಿ ನನ್ನ ಮಾರಿ ನೋಡಿದ್ಲು, ಐಸ್ ಡಬ್ಬಿ ನೋಡಿದ್ಲು, ತನ್ನ ಮನಿ ಮುಂದ ಕಟ್ಟಿದ ಗಬ್ಬದ ಎಮ್ಮಿ ಕಡೆ ಒಮ್ಮೆ ನೋಡಿದ್ಲು. ಆಮ್ಯಾಲ ಅಗದಿ ಸಾವಕಾಶ, "ಗುರುತು ಹತ್ತವಲ್ದೋ ಯಪ್ಪಾ. ಕಣ್ಣಿನ ಚಾಳೀಸು ಮನ್ಯಾಗ ಐತಿ" ಅಂದ್ಲು.

ನೌಕರಿ ಸುಡ್ಲಿ, ಎಮ್ಮಿ ಸಾಯಲಿ, ಮೊದಲ ಇಲ್ಲಿಂದ ಜೀವಂತ ಹೋದ್ರ ಸಾಕು ಅನಿಸ್ತು. ನಾ ಅಳೂ ಹಂಗ ಆದದ್ದು ನೋಡಿ ಆಯಿಗೆ ಸ್ವಲ್ಪ ಮರುಕ ಬಂದಿರಬೇಕು. ಬಡೀಬ್ಯಾಡ್ರಿ ಅಂದ್ಲು. ಖರೇ ಡಾಕ್ಟರ್ ಆಗಿದ್ರ ಸೂಜಿ ಮಾಡಾಕ ಬರ್ತೈತಿ, ಕಳ್ಳ ಆಗಿದ್ರ ಬರಂಗಿಲ್ಲ. ಮೀಸಿ ಹಿರ್ಯಾನ ಎಮ್ಮಿಗೆ ಒಂದು ಮಾಡಿ ತೋರಸಲಿ, ತಿಳೀತೈತಿ ಅಂದ್ಲು.

ಹಿರ್ಯಾ ಹಿಂದ ಸರದ. ನಮ್ಮ ಎಮ್ಮಿಗೇ ಯಾಕ ಅಂದ. ಪುರಾವಿ ಬೇಕಂದಾಂವ ನೀನೇ ಅಲ್ಲೇನು ಅಂತ ಎಲ್ಲಾರೂ ಅವ್ನ ಮ್ಯಾಲ ಬಿದ್ರು. ಗತಿಯಿಲ್ಲದ ಎಮ್ಮಿ ಹಿಡದ. ನಾ ಒಂದೇ ಕೈಲೆ ಸೂಜಿ ತುಂಬಿ, ಚಕ್ ಅಂತ ಮಾಡಿ ತಗದೆ. ಎಮ್ಮಿ ಕಿವಿನೂ ಅಲ್ಲಾಡಿಸಲಿಲ್ಲ. ಡಾಕ್ಟ್ರೇ ಇರಬೇಕಲೇ ಅಂತ ಮಂದಿ ಗುಜುಗುಜು ಅಂತು. ಬಿಡಸ್ರಿ ಅಂತ ನಾ ಕೈ ಚಾಚಿದೆ.

ಆದ್ರ ಹಿರ್ಯಾನ ಮಾರಿ ಕೆಂಪಗಾಗಿತ್ತು. ಊರಾಗ ತನ್ನ ಎಮ್ಮಿ ಒಂದೇ ಹಾಲು ಇಳಸಬೇಕೇನು? "ಒಂದು ಸೂಜಿ ಯಾವ ಕಳ್ಳರೆ ಮಾಡ್ಯಾನು. ಬಾಜು ಮನಿ ಎಮ್ಮಿಗೂ ಮಾಡಲಿ" ಅಂದ. ಬಾಜು ಮನ್ಯಾಂವ ಒಲ್ಲೆ ಅಂದ್ರೂ ಬಿಡಲಿಲ್ಲ. ಅವಂದಕ್ಕ ಆತು. ಈಗ ಬಾಜು ಮನ್ಯಾಂವಗ ಸಂಶೆ ಸುರು ಆತು, ಎದುರು ಮನೀದಕ್ಕೂ ಮಾಡಿ ತೋರಸ್ಲಿ ಅಂದ. ಎದುರು ಮನ್ಯಾಂವ ಹಿಂದಿನ ಓಣಿ ತೋರಿಸಿದ. ಒಬ್ಬಾಂವ ಎಮ್ಮಿ ಬಿಚ್ಕೊಂಡು ಹಳ್ಳದ ಕಡೆ ಹೊಂಟಿದ್ದ, ಹತ್ತು ಮಂದಿ ಹೋಗಿ ಎಮ್ಮಿ ಸಮೇತ ಎಳಕೊಂಡು ಬಂದ್ರು. ನನ್ನ ಎಡಗೈ ಹಗ್ಗ ಹಿರ್ಯಾನ ಕೈಯಾಗ. ಬೀಜದ ಹೋರಿ ನಡಸಿದಂಗ ನನ್ನ ಮನಿ ಮನಿ ನಡಸಿದ್ರು. ಇಷ್ಟು ದಿನ ಎಮ್ಮಿ ಮುಚ್ಚಿಟ್ಟ ಮಂದಿ ಈಗ ಕಿವಿ ಹಿಡದು, ಕೊಂಬು ಹಿಡದು, ಇದೊಂದು ಬಿಟ್ಟೀರಿ ನೋಡ್ರಿ ಅಂತ ತೋರಸಾಕತ್ತಿದ್ರು. ಕಡೀಕ ಉಳದದ್ದು ಆಯಿ ಎಮ್ಮಿ. ಅದು ಗಬ್ಬ ಐತಿ, ಈಯೂ ದಿನ ಬಂದೈತಿ, ಇವತ್ತು ಬ್ಯಾಡ, ಈದ ಮ್ಯಾಲ ನಾನೇ ಬಂದು ಮಾಡ್ತೀನಿ ಅಂತ ನಾನೇ ಹೇಳಿದೆ. ಮಂದಿ ಒಬ್ಬರ ಮಾರಿ ಒಬ್ರು ನೋಡ್ಕೊಂಡ್ರು.

ಈ ಸಲ ಬ್ಯಾನಿ ಆಚಿ ದಂಡ್ಯಾಗೇ ನಿಂತಿತು, ಈ ಊರಿನ ಒಂದು ಕರಾನೂ ಸಾಯಲಿಲ್ಲ. ಆದ್ರ ಅದು ಮುಂದಿನ ಮಾತು. ಅವತ್ತು ಮಧ್ಯಾಹ್ನ ಔಷಧ ಮುಗದಿತ್ತು, ನನ್ನ ಕೈ ಸೋತು ಹೋಗಿತ್ತು. ಇನ್ನರೆ ಹಗ್ಗ ಬಿಚ್ರಿ ಅಂದೆ. ಹಿರ್ಯಾ ಬಿಚ್ಚಾಕ ಬಗ್ಗಿದ. ಆಯಿ ಅವ್ನ ಕೈ ಹಿಡದ್ಲು.

"ಗಡಬಡ ಮಾಡಬ್ಯಾಡ್ರಿ. ಸೂಜಿಯಾಗ ಬರೇ ನೀರು ತುಂಬಿದ್ರ ಯಾರಿಗೆ ಗೊತ್ತು? ಸಂಜಿಮುಂದ ಹಿಂಡಿ ನೋಡೂಣು. ಹಾಲು ಕಡಿಮಿ ಆದ್ರ ಇಂವ ಖರೇ ಡಾಕ್ಟರ್. ಕಡಿಮಿ ಆಗಲಿಲ್ಲಂದ್ರ ಪೋಲೀಸ್ರಿಗೆ ಕೊಡೂಣು."

ಊರೆಲ್ಲಾ ಹೌದು ಹೌದು ಅಂತು. ನನ್ನ ಮತ್ತ ಅದೇ ಗೂಟಕ್ಕ ಕಟ್ಟಿ, ಎರಡು ಜ್ವಾಳದ ರೊಟ್ಟಿ, ಝುಣಕಾ ಕೊಟ್ಟು ಊಟಕ್ಕ ಹೋದ್ರು. ಇಪ್ಪತ್ತು ವರ್ಷದಿಂದ ಊರೂರು ತಿರುಗಿ, ಸೂಜಿಯಿಂದ ಹಾಲು ಏನೂ ಇಳ್ಯಂಗಿಲ್ರಿ ಅಂತ ಗಂಟಲು ಹರಕೊಂಡಾಂವ ನಾ. ಅವತ್ತು ಆ ಎಮ್ಮಿ ಕುತಗಿ ತೆಕ್ಕಿ ಹಾಯ್ದು, ನಮ್ಮವ್ವಾ, ಇವತ್ತೊಂದು ದಿನ ಹಾಲು ಕೊಡಬ್ಯಾಡ ಅಂತ ಕೈಮುಗದೆ.